19ನೇ ಗೇಟ್: ಸನ್ಮಾನ ಆಯ್ತು, ಲೆಕ್ಕ ಯಾರು ಕೊಡ್ತಾರೆ?

ಹೊಸಪೇಟೆ: ತುಂಗಭದ್ರಾ ಕಾಲುವೆ ನೀರನ್ನೇ ನಂಬಿದ ಕಂಪ್ಲಿ ಭಾಗದ ಭತ್ತದ ರೈತರಿಗೆ 2025ರ ಹಿಂಗಾರಿನಲ್ಲಿ ಸಿಕ್ಕ ಉತ್ತರ ಒಂದೇ: ಎರಡನೇ ಬೆಳೆಗೆ ನೀರಿಲ್ಲ. ಮಳೆ ಕೈಕೊಟ್ಟಿತ್ತೇ? ಇಲ್ಲ. ಜಲಾಶಯಕ್ಕೆ ಬೇಗನೇ ನೀರು ಬಂತು, ಬಂದ ನೀರನ್ನು ನದಿಗೆ ಬಿಡಲಾಯಿತು. 105.788 ಟಿಎಂಸಿ ಹಿಡಿಯುವ ಡ್ಯಾಂನಲ್ಲಿ 80 ಟಿಎಂಸಿ ನಿಲ್ಲಿಸಿದರೆ ಸಾಕು ಎಂದು ಮೊದಲೇ ತೀರ್ಮಾನವಾಗಿತ್ತು. ಗೇಟುಗಳ ಮೇಲೆ ಅಧಿಕಾರಿಗಳಿಗೇ ನಂಬಿಕೆ ಉಳಿದಿರಲಿಲ್ಲ.

ಇದು 2024ರ ಆಗಸ್ಟ್ 10ರ ರಾತ್ರಿಯ ಬಾಕಿ ಬಿಲ್ಲು. ಅಂದು 11 ಗಂಟೆ ದಾಟಿದ ಮೇಲೆ 19ನೇ ಕ್ರೆಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಯಿತು, ಗೇಟು ಕೊಚ್ಚಿಹೋಯಿತು. ಡ್ಯಾಂ ತುಂಬಿದ ಸಂಭ್ರಮದಲ್ಲಿದ್ದ ಊರು ಅದು. ಮುಖ್ಯಮಂತ್ರಿ ಸಿದ್ದರಾಮಯ್ಯ ಆಗಸ್ಟ್ 13ಕ್ಕೆ ಬಾಗಿನ ಬಿಡಲು ಬರಬೇಕಿತ್ತು. ಬಂದರು, ಆದರೆ ಗೇಟಿಲ್ಲದ ಕಿಂಡಿ ನೋಡಲು. ಸರ್ಕಾರಕ್ಕೆ ಇದಕ್ಕಿಂತ ಮುಜುಗರದ ದಿನ ಇನ್ನೊಂದು ಸಿಗುವುದು ಕಷ್ಟ.

ಮುಂದಿನ ನಾಲ್ಕೈದು ದಿನದ ಕೆಲಸವನ್ನು ಯಾರೂ ಹಗುರ ಮಾಡುವಂತಿಲ್ಲ. ಈ ಡ್ಯಾಂನಲ್ಲಿ ಸ್ಟಾಪ್‌ಲಾಗ್ ಇಳಿಸುವ ವ್ಯವಸ್ಥೆಯೇ ಇರಲಿಲ್ಲ. ತಜ್ಞ ಕನ್ನಯ್ಯ ನಾಯ್ಡು ನೇತೃತ್ವದಲ್ಲಿ ವಿನ್ಯಾಸ ಆಯ್ತು. ಹೊಸಪೇಟೆಯ ವರ್ಕ್‌ಶಾಪ್‌ಗಳಲ್ಲಿ, ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಜಿಂದಾಲ್‌ನಲ್ಲಿ ಉಕ್ಕಿನ ತುಂಡುಗಳು ತಯಾರಾದವು. ಆಗಸ್ಟ್ 17ರ ಹೊತ್ತಿಗೆ ಹರಿಯುವ ನೀರಿನಲ್ಲೇ ಅವನ್ನು ಕೂರಿಸಿ ಕಿಂಡಿ ಮುಚ್ಚಿದರು. ಮತ್ತೆ ಮಳೆ ಬಂತು, ಡ್ಯಾಂ ತುಂಬಿತು. ಸೆಪ್ಟೆಂಬರ್‌ನಲ್ಲಿ ಬಾಗಿನವೂ ಆಯ್ತು, ಕೆಲಸ ಮಾಡಿದವರಿಗೆ ಸನ್ಮಾನವೂ ಆಯ್ತು. ಅದು ಸಿಗಬೇಕಾದ ಮರ್ಯಾದೆಯೇ.

ಎಡವಟ್ಟಾಗಿದ್ದು ಅಲ್ಲೇ. ಕಿಂಡಿ ಮುಚ್ಚಿದ ಸಾಹಸದ ಹಾರದಡಿ, ಕಿಂಡಿ ತೆರೆದುಕೊಂಡಿದ್ದು ಹೇಗೆ ಎಂಬ ಪ್ರಶ್ನೆ ಮುಚ್ಚಿಹೋಯಿತು. ವಿರೋಧ ಪಕ್ಷದವರು ಡ್ಯಾಂ ಮೇಲೆ ನಿಂತು ರಾಜ್ಯ ಸರ್ಕಾರವನ್ನು ಬೈದರು. ರಾಜ್ಯ ಸರ್ಕಾರ ಬೋರ್ಡಿನ ಕಡೆ ಕೈ ತೋರಿಸಿತು. ತುಂಗಭದ್ರಾ ಮಂಡಳಿಯ ಅಧ್ಯಕ್ಷರನ್ನು ನೇಮಿಸೋದು ಕೇಂದ್ರ, ಸದಸ್ಯರು ಕರ್ನಾಟಕ, ಆಂಧ್ರ, ತೆಲಂಗಾಣದವರು. ನೀರು ಹಂಚಿಕೊಳ್ಳುವಾಗ ಎಲ್ಲರೂ ಪಾಲುದಾರರು, ಚೈನ್ ತುಂಡಾದಾಗ ಮಾತ್ರ ಡ್ಯಾಂ ಬೇರೆಯವರದ್ದು.

'70 ವರ್ಷದಲ್ಲಿ ಮೊದಲ ಸಲ' ಎಂಬ ಮಾತು ಆಗ ಬಹಳ ಕೇಳಿಬಂತು, ಯಾರೂ ಊಹಿಸಿರಲಿಲ್ಲ ಎಂಬ ಧಾಟಿಯಲ್ಲಿ. ಆದರೆ ಎಚ್ಚರಿಕೆಗಳು ಪಕ್ಕದಲ್ಲೇ ಇದ್ದವು. 2021ರ ಆಗಸ್ಟ್‌ನಲ್ಲಿ ಕೃಷ್ಣಾ ನದಿಯ ಪುಲಿಚಿಂತಲದಲ್ಲಿ ಒಂದು ಗೇಟು ಕೊಚ್ಚಿಹೋಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಪರಂಬಿಕುಳಂನಲ್ಲಿ ಹಾಗೇ ಆಯ್ತು. ಆ ಡ್ಯಾಂ ಇರುವುದು ಕೇರಳದಲ್ಲಿ, ನಿರ್ವಹಣೆ ತಮಿಳುನಾಡಿನದ್ದು. ಹೊಸಪೇಟೆಯವರಿಗೆ ಈ ಕಥೆ ಹೊಸದೇನಲ್ಲ. ಮಳೆಗಾಲಕ್ಕೆ ಮೊದಲೂ ನಂತರವೂ ತಪಾಸಣೆ ಮಾಡಲೇಬೇಕು ಎನ್ನುವ ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರಲ್ಲೇ ಬಂದಿದೆ. ಹಾಗಾದರೆ 2024ರ ಮಳೆಗಾಲಕ್ಕೆ ಮುಂಚೆ 19ನೇ ಗೇಟಿನ ಚೈನ್ ನೋಡಿದವರು ಯಾರು, ಏನಂತ ಬರೆದರು? ಜನರಿಗೆ ಬೇಕಿರೋದು ಆ ಒಂದು ಹಾಳೆ.

ಎರಡನೇ ತಪ್ಪು ಮೊದಲನೆಯದಕ್ಕಿಂತ ದುಬಾರಿ. ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ.ಕೆ. ಬಜಾಜ್ ನೇತೃತ್ವದ ಸಮಿತಿ 33 ಗೇಟುಗಳನ್ನೂ ಬದಲಿಸಿ ಎಂದಿತ್ತು. ಚೈನ್ ತುಂಡಾಗೋದು ಅವಘಡ ಅನ್ನಬಹುದು. ವರದಿ ಕೈಯಲ್ಲಿಟ್ಟುಕೊಂಡು 2025ರ ಬೇಸಿಗೆ ಕಳೆದದ್ದಕ್ಕೆ ಏನನ್ನಬೇಕು? ಜಲಾಶಯ ತಳ ಕಾಣುವ ಆ ಎರಡು ಮೂರು ತಿಂಗಳೇ ಗೇಟಿನ ಕೆಲಸಕ್ಕೆ ಸಿಗುವ ಕಾಲ. 19ನೇ ಗೇಟಿನ ಟೆಂಡರ್ ಒಂದು ಹದಕ್ಕೆ ಬರುವಷ್ಟರಲ್ಲಿ ಒಳಹರಿವು ಶುರುವಾಗಿತ್ತು. ಆಗಸ್ಟ್‌ನಲ್ಲಿ ಸಚಿವ ಶಿವರಾಜ ತಂಗಡಗಿ ಅವರೇ ಇನ್ನೂ 7 ಗೇಟುಗಳು ಹಾಳಾಗಿವೆ ಎಂದರು. ಆಮೇಲೆ ಹಿಂಗಾರಿಗೆ ನೀರು ನಿಲ್ಲಿಸಿ ಗೇಟು ಬದಲಿಸುವ ತೀರ್ಮಾನ.

2024ರಲ್ಲಿ ರೈತರನ್ನು ಉಳಿಸಿದ್ದು ಸ್ಟಾಪ್‌ಲಾಗ್ ಜೊತೆಗೆ ಮತ್ತೆ ಸುರಿದ ಮಳೆ. 2025ರಲ್ಲಿ ಮಳೆ ಇತ್ತು, ನೀರು ನಿಲ್ಲಿಸೋಕೆ ಧೈರ್ಯ ಇರಲಿಲ್ಲ. ಹೂಳಿನಿಂದ ಈಗಾಗಲೇ 27 ಟಿಎಂಸಿಯಷ್ಟು ಜಾಗ ಕಳೆದುಕೊಂಡ ಜಲಾಶಯವಿದು. ಅದರ ಮೇಲೆ ಮತ್ತೆ 25 ಟಿಎಂಸಿ ಬಿಟ್ಟುಕೊಡೋದು ಅಂದ್ರೆ ಕೆಳಗಿನ ಊರುಗಳ ಪಾಲಿಗೆ ಅರ್ಧ ವರ್ಷದ ದುಡಿಮೆ. ಭತ್ತ ಇಲ್ಲ ಅಂದ್ರೆ ನಾಟಿ ಕೂಲಿ ಇಲ್ಲ, ದನಕ್ಕೆ ಹುಲ್ಲಿಲ್ಲ, ರೈಸ್ ಮಿಲ್ಲಿಗೆ ಕೆಲಸ ಕಮ್ಮಿ. ಗುತ್ತಿಗೆ ಹಿಡಿದು ಉಳುವವರಿಗಂತೂ ಪರಿಹಾರ ಘೋಷಣೆಯಾದರೂ ಪಹಣಿಯಲ್ಲಿ ಹೆಸರಿಲ್ಲ.

ಹೊಸ ಗೇಟುಗಳು ಬರಲಿ. ಅವುಗಳ ಜೊತೆ ಪ್ರತಿ ವರ್ಷದ ತಪಾಸಣಾ ವರದಿಯನ್ನು ಮಂಡಳಿ ಕನ್ನಡದಲ್ಲಿ, ಗೇಟು ನಂಬರ್ ಸಮೇತ, ತಪಾಸಣೆ ಮಾಡಿದ ಎಂಜಿನಿಯರ್ ಸಹಿ ಸಮೇತ, ಜೂನ್ ಒಳಗೆ ಅಚ್ಚುಕಟ್ಟಿನ ಗ್ರಾಮ ಪಂಚಾಯಿತಿಗಳಿಗೆ ಕಳಿಸಲಿ. ಇದಕ್ಕೆ ಟೆಂಡರ್ ಬೇಕಿಲ್ಲ.