ರಾಜನ್–ನಾಗೇಂದ್ರರೂ ಮೈಸೂರಿನ ಕರ್ತವ್ಯವೂ

ಚಲಚ್ಚಿತ್ರಗಳ ಸಂಗೀತವು ಅಗ್ರಲೇಖನಕ್ಕೆ ತಕ್ಕ ವಿಷಯವಲ್ಲವೆಂದು ನಮ್ಮ ವಾಚಕ ಮಹಾಶಯರಲ್ಲಿ ಕೆಲವರಾದರೂ ಭಾವಿಸಬಹುದು. ಆದರೆ ಕಚೇರಿಯಿಂದ ಮನೆಗೆ ಹಿಂದಿರುಗುವ ಗುಮಾಸ್ತರೂ, ಮಕ್ಕಳನ್ನು ಮಲಗಿಸುವ ತಾಯಂದಿರೂ, ರಾಜ್ಯೋತ್ಸವದ ದಿನ ಧ್ವಜದ ಮುಂದೆ ಸಾಲುಗಟ್ಟಿ ನಿಲ್ಲುವ ಶಾಲಾ ಬಾಲಕರೂ ಯಾವ ಧಾಟಿಗಳನ್ನು ಗುನುಗುತ್ತಿರುವರೋ ಅವು ಎಲ್ಲಿಂದ ಬಂದುವೆಂದು ವಿಚಾರಿಸುವುದು ನಾಡಿನ ಹಿತಚಿಂತಕರ ಕೆಲಸವೇ ಸರಿ. ಅವುಗಳಲ್ಲಿ ಎಷ್ಟೋ ಈ ನಗರದ ಶಿವರಾಮಪೇಟೆಯ ಇಬ್ಬರು ಸಹೋದರರ ಕೃತಿಗಳು. ಹಿರಿಯರಾದ ಶ್ರೀ ರಾಜನ್‌ರವರು 1933ರಲ್ಲಿಯೂ ಕಿರಿಯರಾದ ಶ್ರೀ ನಾಗೇಂದ್ರರವರು 1935ರಲ್ಲಿಯೂ ಜನಿಸಿದರು. ನಾಗೇಂದ್ರರು 2000ದ ನವೆಂಬರಿನಲ್ಲಿ ದಿವಂಗತರಾದರು. ಅಣ್ಣನವರು ಮತ್ತೆ ಇಪ್ಪತ್ತು ವರ್ಷ ಜೀವಿಸಿದ್ದು 2020ರ ಅಕ್ಟೋಬರಿನಲ್ಲಿ ಕಾಲವಾದರು.

ಇವರ ತಂದೆ ರಾಜಪ್ಪನವರು ಹಾರ್ಮೋನಿಯಂ ಮತ್ತು ಕೊಳಲನ್ನು ಬಲ್ಲವರು; ಮೂಕಚಿತ್ರಗಳ ಕಾಲದಲ್ಲಿ ಪರದೆಯ ಬಳಿ ಕುಳಿತು ಕಥೆಯ ಗತಿಗೆ ತಕ್ಕಂತೆ ವಾದ್ಯ ನುಡಿಸಿದವರು. ಹೀಗೆ ಹಿನ್ನೆಲೆ ಸಂಗೀತವೆಂಬ ವಿದ್ಯೆಯು ಆ ಹೆಸರು ಪಡೆಯುವುದಕ್ಕೆ ಮೊದಲೇ ಈ ಮನೆಯಲ್ಲಿತ್ತು. ರಾಜನ್‌ರವರು ಪಿಟೀಲನ್ನೂ ನಾಗೇಂದ್ರರು ಜಲತರಂಗವನ್ನೂ ಅಭ್ಯಾಸಮಾಡಿದರು. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರದಲ್ಲಿ ವಿದ್ವಾಂಸರ ಕಚೇರಿಗಳು ನಡೆಯುತ್ತಿದ್ದುವು. ಅರಮನೆಯಲ್ಲಿ ಕರ್ಣಾಟಕ ಬ್ಯಾಂಡೂ ಇಂಗ್ಲಿಷ್ ಬ್ಯಾಂಡೂ ಒಟ್ಟಿಗೆ ಪೋಷಣೆ ಪಡೆಯುತ್ತಿದ್ದುವು. ಸ್ವದೇಶದ ರಾಗವನ್ನು ಪರದೇಶದ ವಾದ್ಯಗಳಿಂದ ಅಲಂಕರಿಸುವುದು ಬೊಂಬಾಯಿಯಿಂದ ಎರವು ತಂದ ಚಪಲವೆಂದು ಆಕ್ಷೇಪಿಸುವ ಪಂಡಿತರು ಈ ಮಾತನ್ನು ಸ್ವಲ್ಪ ಯೋಚಿಸಬೇಕು. ಮೈಸೂರಿಗೆ ಅದು ಹೊಸದಾಗಿರಲಿಲ್ಲ.

ಶ್ರೀ ಬಿ. ವಿಠ್ಠಲಾಚಾರ್ಯರ ‘ಸೌಭಾಗ್ಯಲಕ್ಷ್ಮಿ’ಯಿಂದ 1950ರ ದಶಕದ ಆರಂಭದಲ್ಲಿ ಮೊದಲಾದ ಇವರ ವೃತ್ತಿಯು ಸುಮಾರು ನಾಲ್ಕು ದಶಕಗಳ ಕಾಲ ಸಾಗಿತು. ಕನ್ನಡದಲ್ಲಿಯೇ 200ಕ್ಕೂ ಹೆಚ್ಚು ಚಿತ್ರಗಳಿಗೆ ಸಂಗೀತ ಕೊಟ್ಟರು. ಅಷ್ಟೂ ಒಂದೇ ತೂಕದವೆಂದು ಹೇಳುವುದು ಸ್ತೋತ್ರವಾದೀತೇ ಹೊರತು ವಿಮರ್ಶೆಯಾಗದು. ನಮ್ಮ ಅಭಿಪ್ರಾಯದಲ್ಲಿ ಇವರ ಉತ್ತಮ ಕಾಲವು ‘ಗಂಧದ ಗುಡಿ’ಯ 1973ರಿಂದ ಮುಂದಿನ ಆರೇಳು ವರ್ಷಗಳು. ‘ಎರಡು ಕನಸು’, ‘ಬಯಲು ದಾರಿ’, ‘ನಾ ನಿನ್ನ ಮರೆಯಲಾರೆ’, ‘ಹೊಂಬಿಸಿಲು’, ‘ಪರಸಂಗದ ಗೆಂಡೆತಿಮ್ಮ’ ಇವೆಲ್ಲ ಆ ಅವಧಿಯವು. ಪಲ್ಲವಿಯು ಒಮ್ಮೆ ಕೇಳಿದವನ ನಾಲಗೆಗೂ ಹತ್ತುವಷ್ಟು ಸುಲಭ, ಚರಣಕ್ಕೆ ಹೋಗುವಾಗ ಪಿಟೀಲುಗಳ ಗುಂಪೂ ಕೊಳಲೂ ಕೇಳುವವನ ಕೈಹಿಡಿದು ನಡೆಸುವುವು, ಗಾಯಕನಿಗೆ ಕಸರತ್ತಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಸ್ವರವು ಮಾತನ್ನು ನುಂಗುವುದಿಲ್ಲ. ಹ್ರಸ್ವವನ್ನು ಎಳೆದು ದೀರ್ಘಮಾಡಿ ಕನ್ನಡವನ್ನು ಹಿಂಸಿಸುವ ಈಚಿನ ಹಾಡುಗಾರಿಕೆಯನ್ನು ಕೇಳಿ ಬೇಸತ್ತವರು ಪಿ. ಬಿ. ಶ್ರೀನಿವಾಸರೂ ಎಸ್. ಜಾನಕಿಯವರೂ ಇವರಿಗಾಗಿ ಹಾಡಿದ್ದನ್ನು ಒಮ್ಮೆ ಕೇಳಿನೋಡಲಿ. ‘ಗೆಂಡೆತಿಮ್ಮ’ನಲ್ಲಿಯಂತೂ ಹಳ್ಳಿಯ ಆಡುಮಾತಿಗೆ ಹಳ್ಳಿಯದೇ ಧಾಟಿ ಒದಗಿತು. ‘ಗಂಧದ ಗುಡಿ’ಯ ನಾಡ ಹಾಡನ್ನು ಸರ್ಕಾರದ ಆಜ್ಞೆಯಿಲ್ಲದೆಯೇ ಜನರು ನಾಡಗೀತೆಯ ಪಕ್ಕದಲ್ಲಿ ಕೂರಿಸಿರುವರು.

ಕನ್ನಡ ಚಿತ್ರಗಳು ಪರಭಾಷೆಯ ಧಾಟಿಗಳನ್ನು ಕದಿಯುವುವೆಂಬ ಅಪವಾದವು ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಆದರೆ 1974ರ ‘ಎರಡು ಕನಸು’ ಮರುವರ್ಷ ತೆಲುಗಿನಲ್ಲಿ ‘ಪೂಜ’ ಎಂಬ ಹೆಸರಿನಿಂದ ತಯಾರಾದಾಗ ಇದೇ ಸಹೋದರರು ಕನ್ನಡದ ಧಾಟಿಯನ್ನು ಅಲ್ಲಿಗೆ ಒಯ್ದರು. ಅದರ ಯುಗಳಗೀತೆಯನ್ನು ಆಂಧ್ರದ ಮನೆಮನೆಗಳಲ್ಲಿ ತಮ್ಮದೆಂದೇ ಹಾಡುತ್ತಿರುವರು. ಸಾಲಗಾರನೆಂದು ಸದಾ ಹೀಗಳೆಯಲ್ಪಟ್ಟವನು ಇಲ್ಲಿ ಸಾಲ ಕೊಟ್ಟವನು!

ಈಗ ಮುಖ್ಯ ವಿಷಯಕ್ಕೆ ಬರೋಣ. ಇವರ ಹಾಡುಗಳು ಗ್ರಾಮಫೋನ್ ಪ್ಲೇಟುಗಳ ಪುಣ್ಯದಿಂದ ಉಳಿದಿವೆ. ಸಂಗೀತ ನಿರ್ದೇಶಕನ ದುಡಿಮೆಯಲ್ಲಿ ಹಾಡು ಒಂದು ಭಾಗ ಮಾತ್ರ. ಚಿತ್ರದ ಸಂಕಲನವು ಮುಗಿದ ಮೇಲೆ ಸುರುಳಿ ಸುರುಳಿಯಾಗಿ ನೋಡುತ್ತ, ಯಾವ ಮಾತಿನ ನಂತರ ಎಷ್ಟು ಕ್ಷಣ ವಾದ್ಯ ನುಡಿಯಬೇಕು, ಎಲ್ಲಿ ಮೌನವೇ ಮೇಲು ಎಂದು ಅಳೆದು ಬರೆಯುವುದು ಇನ್ನೊಂದು ಭಾಗ. ಆ ಹಿನ್ನೆಲೆ ಸಂಗೀತಕ್ಕೆ ಪ್ಲೇಟುಗಳಿಲ್ಲ. ಅದು ಸಂಭಾಷಣೆಯೊಡನೆ ಬೆರೆತು ಚಿತ್ರದ ಸುರುಳಿಯಲ್ಲಿಯೇ ಇರುವುದು. ಸುರುಳಿಯು ಹುಳಿತು ಹಾಳಾದರೆ ಅದೂ ಹೋಯಿತು. ವಾದ್ಯಗಾರರಿಗೆ ಬರೆದುಕೊಟ್ಟ ಸ್ವರದ ಹಾಳೆಗಳನ್ನು ಧ್ವನಿಮುದ್ರಣದ ದಿನ ಕಳೆದೊಡನೆ ರದ್ದಿಯಂತೆ ಕಾಣುವುದೇ ಭಾರತದ ಚಿತ್ರೋದ್ಯಮದಲ್ಲೆಲ್ಲ ನಡೆದುಬಂದ ರೂಢಿ. ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳಲ್ಲಿ ಸಾಹಿತ್ಯವಿತ್ತು, ಸ್ವರವಿರಲಿಲ್ಲ.

ಸಂಗೀತವು ಹೀಗೆ ಅಳಿಯಬಾರದೆಂಬ ಬುದ್ಧಿಯನ್ನು ಮೈಸೂರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರನು ವೃದ್ಧನೂ ರೋಗಿಯೂ ಆಗಿದ್ದಾಗ, 1940ರ ದಶಕದಲ್ಲಿ ಆತನ ಕೃತಿಗಳನ್ನು ಧ್ವನಿಮುದ್ರಿಸಲು ದ್ರವ್ಯವನ್ನೊದಗಿಸಿದವರು ನಮ್ಮ ಶ್ರೀ ಜಯಚಾಮರಾಜ ಒಡೆಯರು. ಮೆಟ್ನರನು 1951ರಲ್ಲಿ ತೀರಿಕೊಂಡನು. ಆತನೇ ನುಡಿಸಿದ ಪಿಯಾನೋ ಇಂದಿಗೂ ಕೇಳಸಿಗುವುದು. ಏಳು ಸಮುದ್ರದಾಚೆಯವನಿಗೆ ಈ ಊರು ಮಾಡಿದುದನ್ನು ಶಿವರಾಮಪೇಟೆಯವರಿಗೆ ಮಾಡಬಾರದೇಕೆ?

ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾನಿಲಯವು ಈ ನಗರದಲ್ಲಿಯೇ ಇದೆ. ಪಿಟೀಲು, ಕೊಳಲು ಬಲ್ಲ ವಿದ್ಯಾರ್ಥಿಗಳಿಗೆ ಅಲ್ಲಿ ಕೊರತೆಯಿರಲಾರದು. ಅದರ ಅಧಿಕಾರಿಗಳು ಕರ್ನಾಟಕ ಚಲನಚಿತ್ರ ಅಕಾಡೆಮಿಯವರೊಡನೆ ಕೂಡಿ, ಉಳಿದಿರುವ ಒಳ್ಳೆಯ ಪ್ರತಿಗಳನ್ನು ಸಂಗ್ರಹಿಸಿ, ಮೊದಲು ‘ಗಂಧದ ಗುಡಿ’, ‘ಎರಡು ಕನಸು’, ‘ಗೆಂಡೆತಿಮ್ಮ’ ಈ ಮೂರರ ಸಂಗೀತವನ್ನು ಹಾಡು, ಹಿನ್ನೆಲೆ ಎರಡನ್ನೂ ಬಿಡದೆ ಕಿವಿಯಿಂದ ಕೇಳಿ ಸ್ವರಲಿಪಿಯಲ್ಲಿ ಬರೆಸಬೇಕು. ಆ ಸಹೋದರರ ವಾದ್ಯಮೇಳದಲ್ಲಿ ನುಡಿಸಿ ಇನ್ನೂ ಜೀವಿಸಿರುವ ವಾದ್ಯಗಾರರನ್ನು ಕರೆಸಿ, ಅವರ ನೆನಪುಗಳನ್ನು ಮುದ್ರಿಸಿಕೊಳ್ಳಬೇಕು. ದಸರಾ ವೇದಿಕೆಯ ಒಂದು ಸಂಜೆಗೆ ತಗಲುವುದಕ್ಕಿಂತ ಇದರ ವೆಚ್ಚವು ಮೀರಲಾರದೆಂದು ನಮ್ಮ ಅಂದಾಜು. ಹಣವನ್ನು ಮುಂದಿನ ವರ್ಷದ ಆಯವ್ಯಯದಲ್ಲಿ ತೋರಿಸಿದರೂ ಚಿಂತೆಯಿಲ್ಲ. ವಾದ್ಯಗಾರರನ್ನು ಕರೆಸುವ ಕೆಲಸವನ್ನು ಮಾತ್ರ ಮುಂದೂಡಬಾರದು. ಆ ಮೇಳದಲ್ಲಿ ನುಡಿಸಿದವರಿಗೆ ವಯಸ್ಸಾಗುತ್ತಿರುವುದು.