ಊಟಿಯ ಚಹಾ ಬೆಟ್ಟ, ಹೆಸರಘಟ್ಟದ ಹುಲ್ಲು

ಬೆಂಗಳೂರಿನ ಯಲಹಂಕ, ಹೆಬ್ಬಾಳ, ಯಶವಂತಪುರದ ಕಡೆಯವರಿಗೆ ಎರಡು ದಿನ ಒಟ್ಟಿಗೆ ರಜೆ ಸಿಕ್ಕರೆ ಕಾರು ಮೈಸೂರು, ಗುಂಡ್ಲುಪೇಟೆ, ಬಂಡೀಪುರ ದಾಟಿ ನೀಲಗಿರಿ ಹತ್ತುವುದು ಈಗ ರೂಢಿ. ಕೂನೂರಿನ ಇಳಿಜಾರಿನಲ್ಲಿ ಚಹಾ ತೋಟ ಕಂಡೊಡನೆ ಎಲ್ಲರೂ ಇಳಿಯುತ್ತಾರೆ, ಫೋಟೊ ತೆಗೆಯುತ್ತಾರೆ, ಪ್ರಕೃತಿಯೆಂದರೆ ಇದಪ್ಪಾ ಎಂದು ಮೆಚ್ಚುತ್ತಾರೆ. ಚೆಲುವೇನೋ ನಿಜ. ಆದರೆ ತನ್ನ ಪಾಡಿಗೆ ಬಿಟ್ಟರೆ ಮರವಾಗುವ ಗಿಡವನ್ನು ನಾಲ್ಕೈದು ವರ್ಷಕ್ಕೊಮ್ಮೆ ಸವರಿ, ಎರಡೆಲೆ ಒಂದು ಕುಡಿ ಕೈಗೆಟುಕುವಂತೆ ಸೊಂಟದ ಮಟ್ಟಕ್ಕೆ ನಿಲ್ಲಿಸಿದ ಬೇಸಾಯ ಅದು. ಈ ಬೇಸಾಯವನ್ನು ಕಾಡೆಂದು ಕಂಡ ಕಣ್ಣೇ ಊರಿಗೆ ಮರಳಿದ ಮೇಲೆ ಊರಂಚಿನ ಹೆಸರಘಟ್ಟದ ಹುಲ್ಲುಗಾವಲನ್ನು ಬಂಜರೆಂದು ಕಾಣುತ್ತದೆ. ಎರಡೂ ತಪ್ಪುಗಳ ಬೇರು ಒಂದೇ, ಮತ್ತು ಆ ಬೇರು ನೀಲಗಿರಿಯ ಇತಿಹಾಸದಲ್ಲಿ ಸ್ಪಷ್ಟವಾಗಿ ಕಾಣಸಿಗುತ್ತದೆ.

1799ರವರೆಗೆ ನೀಲಗಿರಿ ಮೈಸೂರಿನ ಅಧೀನದಲ್ಲಿತ್ತು. ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿದಾಗ ಅಲ್ಲಿದ್ದದ್ದು ಗುಡ್ಡದಿಂದ ಗುಡ್ಡಕ್ಕೆ ಹಬ್ಬಿದ ಹುಲ್ಲು, ಕಣಿವೆಗಳ ಮಡಿಕೆಯಲ್ಲಷ್ಟೇ ದಟ್ಟವಾಗಿ ನಿಂತ ಶೋಲಾ ಕಾಡು, ತೋಡರ ಎಮ್ಮೆಮಂದೆ, ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರ ಕಿರುಧಾನ್ಯದ ಹೊಲ. ಚಹಾ ಬಂದದ್ದು ಆಮೇಲೆ. 1834ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಚಹಾ ಸಮಿತಿ ನೇಮಿಸಿದ. ಮರುವರ್ಷವೇ ಕೇತ್ತಿಯ ಸರ್ಕಾರಿ ಪ್ರಯೋಗ ತೋಟಕ್ಕೆ ಸಸಿಗಳು ಬಂದಿಳಿದವು. ಪ್ರಯೋಗ ಬೇಗನೆ ಸೊರಗಿತು. ಉಳಿದ ಗಿಡಗಳನ್ನು ಗುರುತಿಸಿ ಆರೈಕೆ ಮಾಡಿಸಿದವನು ಪೆರೊಟೆ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ. 1850ರ ದಶಕದಲ್ಲಿ ಕೂನೂರಿನಲ್ಲಿ ಖಾಸಗಿ ತೋಟ ಎದ್ದಿತು, ಆ ದಶಕ ಮುಗಿಯುವಷ್ಟರಲ್ಲಿ ಎಸ್ಟೇಟುಗಳ ಸಾಲೇ ಶುರುವಾಗಿತ್ತು. ಇದಕ್ಕೆ ಬೇಕಾದ ನೆಲ ಎಲ್ಲಿಂದ ಬಂತು? 1860ರ ದಶಕದ ‘ವೇಸ್ಟ್ ಲ್ಯಾಂಡ್’ ನಿಯಮಗಳಿಂದ. ಉಳುಮೆಯಿಲ್ಲದ, ಕಂದಾಯ ಬಾರದ ನೆಲವೆಲ್ಲ ಸರ್ಕಾರದ ಕಣ್ಣಿಗೆ ಪಾಳುನೆಲ. ಬೇಡಿದವರಿಗೆ ಮಾರಬಹುದಾದ ಸರಕು. ತೋಡರ ಎಮ್ಮೆಗಳು ತಲೆಮಾರುಗಳಿಂದ ಮೇದ ಹುಲ್ಲು ಯಾವ ಲೆಕ್ಕದ ಪುಸ್ತಕಕ್ಕೂ ಬರಲಿಲ್ಲ.

ಚಹಾ ಒಂದೇ ಹುಲ್ಲನ್ನು ನುಂಗಿತೆನ್ನುವುದು ಅನ್ಯಾಯ. ಸೌದೆಗೆಂದು 1843ರಲ್ಲಿ ನೀಲಗಿರಿಗೆ ಬಂದ ನೀಲಗಿರಿ ಮರ, ಚರ್ಮ ಹದ ಮಾಡಲು ಬೆಳೆಸಿದ ವ್ಯಾಟಲ್ ಹುಲ್ಲನ್ನು ಇನ್ನೂ ಹೆಚ್ಚು ನುಂಗಿದವು. ಸ್ವಾತಂತ್ರ್ಯ ಬಂದ ಮೇಲೆ ನಮ್ಮದೇ ಅರಣ್ಯ ಇಲಾಖೆಗಳು ಆ ಕೆಲಸವನ್ನು ಉತ್ಸಾಹದಿಂದ ಮುಂದುವರಿಸಿದವು. ತಮಿಳುನಾಡಿನದೇ ಪಳನಿ ಬೆಟ್ಟಗಳ ಉಪಗ್ರಹ ಚಿತ್ರಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನ, ನಾಲ್ಕು ದಶಕಗಳಲ್ಲಿ ಅಲ್ಲಿನ ಹುಲ್ಲುಗಾವಲಿನ ಮೂರನೇ ಎರಡು ಪಾಲು ಮರದ ನೆಡುತೋಪು ಮತ್ತು ಬೇಸಾಯಕ್ಕೆ ಹೋಯಿತೆಂದು ತೋರಿಸಿತು. ನಷ್ಟ ಬರೀ ನೋಟದ್ದಲ್ಲ. ಎತ್ತರದ ಹುಲ್ಲು ಮಳೆನೀರನ್ನು ಮಣ್ಣಿಗಿಳಿಸಿ ಬೇಸಿಗೆಯಲ್ಲೂ ತೊರೆಗಳಿಗೆ ಜಿನುಗಿಸುತ್ತದೆ. ಸದಾ ನೀರು ಹೀರುವ ನೀಲಗಿರಿ ಮರ ಆ ಕೆಲಸ ಮಾಡುವುದಿಲ್ಲ. ತೋಡರ ದೇಗುಲದ ಚಾವಣಿಗೆ ಹೊದಿಸುವ ಜೌಗಿನ ಹುಲ್ಲನ್ನು ಇಂದು ಹುಡುಕಿಕೊಂಡು ಹೋಗಬೇಕಾಗಿದೆ.

ಇದು ತಮಿಳುನಾಡಿನ ಮಾತು, ನಮಗೇನು ಎನ್ನುವಂತಿಲ್ಲ. ಕರ್ನಾಟಕದಲ್ಲಿ ಚಹಾ ಕಡಿಮೆ. ಚಿಕ್ಕಮಗಳೂರಿನ ಕೆಳಗೂರಿನಂಥ ಕೆಲವು ತೋಟಗಳನ್ನು ಬಿಟ್ಟರೆ ನಮ್ಮ ಬೆಟ್ಟಗಳು ನೆರಳು ಬೇಡುವ ಕಾಫಿಯ ಕಡೆ ವಾಲಿದವು. ಆದರೆ ಹುಲ್ಲಿನ ವಿಷಯದಲ್ಲಿ ನಾವು ಅದೇ ಶಾಲೆಯ ವಿದ್ಯಾರ್ಥಿಗಳು. ನೀಲಗಿರಿ ಮರವನ್ನು ಟಿಪ್ಪುವಿನ ಕಾಲದಲ್ಲೇ ನಂದಿಬೆಟ್ಟದಲ್ಲಿ ನೆಡಲಾಯಿತೆಂದು ಅರಣ್ಯ ಇತಿಹಾಸದ ಪುಸ್ತಕಗಳು ಹೇಳುತ್ತವೆ. ಅದರ ಸಂತತಿ ‘ಮೈಸೂರು ಗಮ್’ ಎಂಬ ಹೆಸರಲ್ಲಿ ಬಯಲುಸೀಮೆಯನ್ನೆಲ್ಲ ಆವರಿಸಿ, ಕೊನೆಗೆ 2017ರಲ್ಲಿ ಸರ್ಕಾರವೇ ಹೊಸ ನೆಡುತೋಪು ನಿಷೇಧಿಸಬೇಕಾಯಿತು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ಸಂಶೋಧನೆ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಹೋಯಿತು. ದೇಶದ ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಶೇ 10ರಷ್ಟು ಮರದ ನೆರಳಿದ್ದರೆ ತೆಂಗಿನ ತೋಟವೂ ಅರಣ್ಯ ಹೊದಿಕೆಯೇ. ಮರವಿಲ್ಲದ ಹುಲ್ಲುಗಾವಲಿಗೆ ಆ ಭಾಗ್ಯವಿಲ್ಲ. ಹೀಗಿರುವಾಗ ಹೆಸರಘಟ್ಟವನ್ನು ಕೇಳುವವರಾರು? ಅಲ್ಲಿ ಚಿತ್ರನಗರಿಯ ಮಾತು ಬಂತು, ಗಿಡ ನೆಡುವ ಗುಂಡಿಗಳೂ ಬಂದವು. ನಂದಿಯಲ್ಲಿ ಹುಟ್ಟಿದ ಅರ್ಕಾವತಿ ಹರಿದುಬರುವ ದಾರಿ ಅದು. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಕೊಟ್ಟ ಕೆರೆಯ ಅಂಗಳ ಅದು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಸೆಳೆವ (ಹ್ಯಾರಿಯರ್) ಹಕ್ಕಿಗಳು ಬಂದಿಳಿಯುವುದು ಈ ಹುಲ್ಲಿಗೇ, ನಾವು ನೆಟ್ಟ ಹೊಂಗೆಗಲ್ಲ.

ಹುಲ್ಲನ್ನು ಹುಲ್ಲಾಗಿಯೇ ಉಳಿಸಬೇಕೆಂಬ ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕವಿದೆ. ಚಹಾ ಸಾವಿರಾರು ಮನೆಗಳ ಅನ್ನ ಎಂಬುದು ಮೊದಲನೆಯದು. ಹೌದು, ನೀಲಗಿರಿಯ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು, ಅವರಲ್ಲಿ ಬಡಗರೇ ಹೆಚ್ಚು. ಸೋವಿಯತ್ ಒಕ್ಕೂಟದ ಮಾರುಕಟ್ಟೆ ಕುಸಿದ ಮೇಲೆ ಹಸಿ ಎಲೆಯ ಬೆಲೆ ಬಿದ್ದು ಅವರು ಪಟ್ಟ ಪಾಡು ಸಣ್ಣದಲ್ಲ. ಇರುವ ತೋಟ ಕೀಳಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ; ಆದ ತಪ್ಪನ್ನು ಉಳಿದ ನೆಲದ ಮೇಲೆ ಮತ್ತೆ ಮಾಡಬೇಡಿ ಎಂಬುದಷ್ಟೇ ವಾದ. ಮರ ಇಂಗಾಲ ಹಿಡಿಯುತ್ತದಲ್ಲ ಎಂಬುದು ಎರಡನೆಯದು. ಹಿಡಿಯುತ್ತದೆ, ಆದರೆ ಹುಲ್ಲು ತನ್ನ ಇಂಗಾಲವನ್ನು ಬಹುಮಟ್ಟಿಗೆ ಮಣ್ಣಿನೊಳಗೆ ಇಡುತ್ತದೆ. ಕಾಡ್ಗಿಚ್ಚಿಗೂ ಕೊಡಲಿಗೂ ಅದು ಸುಲಭಕ್ಕೆ ಸಿಗುವುದಿಲ್ಲ. ನೆಡಲು ಜಾಗ ಬೇಕಿದ್ದರೆ ಬೆಂಗಳೂರಿನ ಬಿಸಿಲು ಕಾಯುವ ರಸ್ತೆಬದಿಗಳು ಬೇಕಾದಷ್ಟಿವೆ.

ಮೂರನೆಯದು ಹೆಸರಘಟ್ಟದ ಸುತ್ತಲಿನ ಹಳ್ಳಿಗರ ಅಂಜಿಕೆ, ಮತ್ತು ಅದೇ ಎಲ್ಲಕ್ಕಿಂತ ಗಂಭೀರ. ಮೀಸಲು ಪ್ರದೇಶವೆಂದು ಘೋಷಿಸಿದರೆ ದನ ಮೇಯಿಸಲು ಬಿಡುವುದಿಲ್ಲ, ಹೊಲಕ್ಕೆ ಹೋಗುವ ದಾರಿಗೂ ಬೇಲಿ ಬೀಳುತ್ತದೆ ಎಂಬ ಭಯ. 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಹೆಸರಘಟ್ಟವನ್ನು ಸಂರಕ್ಷಣಾ ಮೀಸಲಾಗಿಸುವ ಪ್ರಸ್ತಾವವನ್ನು ಕೈಬಿಟ್ಟದ್ದರ ಹಿಂದೆ ಈ ವಿರೋಧವಿತ್ತು. ಕಾನೂನು ಓದಿದರೆ ಚಿತ್ರ ಬೇರೆ. ಸಂರಕ್ಷಣಾ ಮೀಸಲು ಎಂಬುದು ಅಭಯಾರಣ್ಯವಲ್ಲ. ಸರ್ಕಾರಿ ನೆಲದಲ್ಲಿ, ಸ್ಥಳೀಯರೊಡನೆ ಸಮಾಲೋಚಿಸಿ, ಅವರ ಹಕ್ಕು ಕಸಿಯದೆ ಮಾಡುವ ವ್ಯವಸ್ಥೆ. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಲೇಬೇಕು. ಹುಲ್ಲುಗಾವಲಿಗೆ ಹಿತಮಿತವಾದ ಮೇಯಿಸುವಿಕೆ ಶತ್ರುವಲ್ಲ. ನೀಲಗಿರಿಯ ಹುಲ್ಲನ್ನು ತಲೆಮಾರುಗಟ್ಟಲೆ ಕಾದದ್ದು ಎಮ್ಮೆ ಮೇಯಿಸಿದ ತೋಡರೇ.

2024ರಲ್ಲಿ ಅದೇ ಮಂಡಳಿ ಮನಸ್ಸು ಬದಲಿಸಿ ಐದು ಸಾವಿರಕ್ಕೂ ಹೆಚ್ಚು ಎಕರೆಯ ಮೀಸಲಿಗೆ ಒಪ್ಪಿಗೆ ಕೊಟ್ಟಿತು. ಇನ್ನು ಬೇಕಿರುವುದು ಮೂರೇ: ಕುರಿಗಾಹಿಗಳಿಗೂ ದನಗಾಹಿಗಳಿಗೂ ಅವರ ಹಕ್ಕು ಬರವಣಿಗೆಯಲ್ಲಿ ಸಿಗಲಿ, ಪಂಚಾಯಿತಿಗಳನ್ನು ಹೆಸರಿಗೆ ಮಾತ್ರವಲ್ಲದೆ ನಿಜವಾಗಿ ಸಮಿತಿಯಲ್ಲಿ ಕೂರಿಸಲಿ, ಪರಿಸರ ದಿನದಂದು ಸಸಿ ಹಿಡಿದು ಹೆಸರಘಟ್ಟಕ್ಕೆ ಹೊರಡುವ ಬಸ್ಸುಗಳನ್ನು ಅರಣ್ಯ ಇಲಾಖೆ ದಾರಿಯಲ್ಲೇ ತಡೆದು ವಾಪಸು ಕಳಿಸಲಿ.