ಮುಕ್ಕಾಲು ಅಂಗುಲದ ಲೆಕ್ಕ

ನಮ್ಮ ಮನೆಯಲ್ಲಿ ಸೋಮವಾರ ಎಂದರೆ ಹರಿಹರ. ಪಿ.ಜೆ. ಬಡಾವಣೆಯಿಂದ ಹೊರಟು, ಹಳೇ ಪಿ.ಬಿ. ರಸ್ತೆ ಹಿಡಿದು, ದೊಡ್ಡಬಾತಿ ದಾಟಿ, ಹರಿಹರೇಶ್ವರನಿಗೆ ಕೈಮುಗಿದು, ತುಂಗಭದ್ರೆಯನ್ನು ಒಮ್ಮೆ ಕಣ್ತುಂಬ ನೋಡಿ ಊಟದ ಹೊತ್ತಿಗೆ ಮನೆ ಸೇರುವುದು. ಮದುವೆಯಾಗಿ ಬಂದ ವರ್ಷದಿಂದ ನಮ್ಮ ಮನೆಯವರು ಪಾಲಿಸಿಕೊಂಡು ಬಂದದ್ದು ಇದು. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ಮೂರು ತಿಂಗಳು ಮಲಗಿದ್ದರಲ್ಲ, ಆಗ ಮಾತ್ರ ತಪ್ಪಿತ್ತು. ಎದ್ದು ಓಡಾಡುವಂತಾದ ಮೇಲೆ ಅವರು ಡಾಕ್ಟರನ್ನು ಕೇಳಿದ ಮೊದಲ ಪ್ರಶ್ನೆ, "ಹರಿಹರಕ್ಕೆ ಹೋಗಬಹುದಾ?" ಎಂದು. "ಹೋಗಿ, ಆದರೆ ಕುಲುಕಾಟ ಆಗಬಾರದು" ಎಂದರು ಅವರು.

ಅದಕ್ಕೇ ಮೊಮ್ಮಗ ಕಾರು ಕೊಂಡ. ಕೆಲಸಕ್ಕೆ ಸೇರಿ ಒಂದೂವರೆ ವರ್ಷ, ಸೋಮವಾರ ವಾರದ ರಜೆ. ಕೂಡಿಟ್ಟ ದುಡ್ಡಿಗೆ ಸ್ವಲ್ಪ ಸಾಲ ಸೇರಿಸಿ ಒಂದು ಹಳೆಯ ಸ್ವಿಫ್ಟ್ ತಂದು, "ಅಜ್ಜಿ, ಇನ್ನು ಬಸ್ಸು ಕಾಯೋದು ಬೇಡ" ಎಂದ. ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಭಾನುವಾರ ಸಂಜೆ ಕಾರು ಮನೆಗೆ ಬಂದಾಗ ನನಗೆ ಏನೋ ಬೇರೆ ಕಂಡಿತು. ಕೂತ ಕೋಳಿಯ ಹಾಗೆ ನೆಲಕ್ಕೆ ಅಂಟಿಕೊಂಡಿತ್ತು. ಚಕ್ರದ ಮೇಲೆ ನಾಲ್ಕು ಬೆರಳು ತೂರುತ್ತಿದ್ದ ಜಾಗದಲ್ಲಿ ಈಗ ಎರಡು ಬೆರಳು ತೂರುವುದು ಕಷ್ಟ.

"ಏನಪ್ಪಾ ಇದು, ಟೈರ್ ಪಂಕ್ಚರ್ರಾ?"

"ಇಲ್ಲ ಅಜ್ಜ, ಇಳಿಸ್ಸೀನಿ. ನಾಲ್ಕು ಸೆಂಟಿಮೀಟರ್. ನೋಡೋಕೆ ಹೆಂಗೈತೆ?"

ಸುಳ್ಳು ಹೇಳಬಾರದು, ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಅವನ ವಯಸ್ಸಿನಲ್ಲಿ ನಾನೂ ಸೈಕಲ್ಲಿನ ಹ್ಯಾಂಡಲ್ ಬಗ್ಗಿಸಿಕೊಂಡು ಓಡಾಡಿದವನೇ.

ಮಾರನೆಯ ದಿನ ಹರಿಹರಕ್ಕೆ ಹೊರಟೆವು. ಅಜ್ಜಿ ಒಂದು ಮಾತೂ ಆಡಲಿಲ್ಲ. ಆದರೆ ಪಕ್ಕದಲ್ಲಿ ಕೂತ ನಾನು ಗಮನಿಸುತ್ತಿದ್ದೆ. ಹಂಪ್ಸ್ ಬರುವುದಕ್ಕೆ ಮುಂಚೆಯೇ ಅವರು ಎರಡೂ ಅಂಗೈ ಸೀಟಿಗೆ ಊರಿ ಮೈಯನ್ನು ಒಂದು ಚೂರು ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದರು. ದೊಡ್ಡಬಾತಿ ಬರುವ ಹೊತ್ತಿಗೆ ಹಣೆಯಲ್ಲಿ ಬೆವರು. ವಾಪಸ್ಸು ಬಂದು ಕಾಲು ತೊಳೆದುಕೊಂಡು ಒಳಗೆ ಹೋಗುವಾಗ, "ರೀ, ಮುಂದಿನ ವಾರ ಬಸ್ಸಿಗೆ ಹೋಗೋಣ. ಪಾಪ, ಹುಡುಗನಿಗೆ ಯಾಕೆ ತೊಂದರೆ" ಎಂದರು. ಹುಡುಗ ಹಿಂದೆಯೇ ನಿಂತಿದ್ದ. ಕೇಳಿಸಿಕೊಂಡ. ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಟೇಪು, ಪೆನ್ಸಿಲ್ಲು, ಹಾಳೆ ಹಿಡಿದು ಕಾರಿನ ಪಕ್ಕ ಕೂತೆವು. ಮೂವತ್ತು ವರ್ಷ ಲೆಡ್ಜರ್ ಬರೆದವನಿಗೆ ಲೆಕ್ಕ ಕಣ್ಣಿಗೆ ಕಾಣದ ಹೊರತು ಸಮಾಧಾನವಿಲ್ಲ.

ಮಕ್ಕಳೇ, ಕಾರಿನ ಚಕ್ರಕ್ಕೂ ಕಾರಿನ ಮೈಗೂ ನಡುವೆ ಸುರುಳಿ ಸ್ಪ್ರಿಂಗ್ ಇರುತ್ತದೆ. ಚಕ್ರ ಕಲ್ಲು ಹತ್ತಿದರೆ ಸ್ಪ್ರಿಂಗ್ ಕುಗ್ಗಿ ಆ ಏಟನ್ನು ನುಂಗಿಕೊಳ್ಳುತ್ತದೆ. ಕುಗ್ಗಿದ್ದು ಮತ್ತೆ ಪುಟಿಯುತ್ತದಲ್ಲ, ಆ ಪುಟಿತವನ್ನು ಹಿಡಿದು ನಿಲ್ಲಿಸುವುದಕ್ಕೆ ಪಕ್ಕದಲ್ಲಿ ಎಣ್ಣೆ ತುಂಬಿದ ಕೊಳವೆ, ಅಂದರೆ ಶಾಕ್ ಅಬ್ಸಾರ್ಬರ್. ಸ್ಪ್ರಿಂಗ್ ಪೂರ್ತಿ ಕುಗ್ಗಿ ಜಾಗ ಮುಗಿದರೆ ಲೋಹಕ್ಕೆ ಲೋಹ ಬಡಿಯಬಾರದೆಂದು ಕೊನೆಯಲ್ಲಿ ಒಂದು ರಬ್ಬರಿನ ತುಂಡು. ಅದಕ್ಕೆ ಬಡಿದಾಗಲೇ 'ದಡ್' ಎಂದು ನಮ್ಮ ಬೆನ್ನಿಗೆ ಬರುವುದು.

ಈ ಕುಗ್ಗುವ ಜಾಗವೇ ಕಾರಿನ ಉಳಿತಾಯ ಖಾತೆ ಎಂದುಕೊಳ್ಳಿ. ನಮ್ಮ ಕಾರಿನಲ್ಲಿ ಖಾಲಿ ಇದ್ದಾಗ ಹಿಂದಿನ ಚಕ್ರಕ್ಕೆ ಸುಮಾರು 8 ಸೆಂಟಿಮೀಟರ್ ಇತ್ತು. ನಾಲ್ಕು ಜನ ಕೂತರೆ 3 ಖರ್ಚು, ಉಳಿದದ್ದು 5. ಈಗ ಮೊಮ್ಮಗ ಮೊದಲೇ 4 ತೆಗೆದುಬಿಟ್ಟಿದ್ದಾನೆ. ನಾವು ಕೂತ ಮೇಲೆ ಉಳಿದದ್ದು ಒಂದೇ ಒಂದು. ಒಂದು ಸೆಂಟಿಮೀಟರ್ ಬ್ಯಾಲೆನ್ಸ್ ಇಟ್ಟುಕೊಂಡು ದಾವಣಗೆರೆಯ ಗುಂಡಿಗಳಿಗೆ ಚೆಕ್ ಬರೆಯುತ್ತಾ ಹೋದರೆ ಬೌನ್ಸ್ ಆಗದೆ ಇನ್ನೇನಾಗುತ್ತದೆ!

ಅದೂ ಅಲ್ಲದೆ ಇಳಿಸಿದ್ದು ಹೇಗೆ? ಕೇಳಿದರೆ ತಲೆ ತಗ್ಗಿಸಿದ. ಹೊಸ ಸ್ಪ್ರಿಂಗ್ ಹಾಕಿರಲಿಲ್ಲ, ಇದ್ದದ್ದನ್ನೇ ಒಂದಿಷ್ಟು ಸುತ್ತು ಕತ್ತರಿಸಿದ್ದರು. ಕೆಲವು ಕಡೆ ಬೆಂಕಿಯಲ್ಲಿ ಕಾಯಿಸಿ ಕೂರಿಸುವುದೂ ಉಂಟಂತೆ. ಕಾಯಿಸಿದರೆ ಉಕ್ಕು ತನ್ನ ಹದವನ್ನೇ ಕಳೆದುಕೊಳ್ಳುತ್ತದೆ. ಕತ್ತರಿಸಿದರೆ ತುದಿ ತನ್ನ ಗೂಡಿನಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ದೊಡ್ಡ ಗುಂಡಿಗೆ ಇಳಿದಾಗ ಕಳಚಿಕೊಳ್ಳುವ ಭಯ. ಜೊತೆಗೆ ಸ್ಪ್ರಿಂಗ್ ಗಿಡ್ಡವಾದಷ್ಟೂ ಬಿರುಸಾಗುತ್ತದೆ.

ಇದನ್ನು ನೀವೇ ನೋಡಬಹುದು. ಉದ್ದದ ರಬ್ಬರ್ ಬ್ಯಾಂಡ್ ಒಂದನ್ನು ಕತ್ತರಿಸಿ ದಾರದಂತೆ ಮಾಡಿ, ತುದಿಗೆ ಸಣ್ಣ ಕಲ್ಲು ಕಟ್ಟಿ ಇಳಿಬಿಡಿ. ಮೆಲ್ಲಗೆ ಎಳೆದು ಬಿಟ್ಟು ನಿಮಿಷಕ್ಕೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಣಿಸಿ. ಆಮೇಲೆ ಅದೇ ರಬ್ಬರನ್ನು ಮಧ್ಯದಲ್ಲಿ ಹಿಡಿದು ಅರ್ಧವಾಗಿಸಿ ಮತ್ತೆ ಎಣಿಸಿ. ಗಿಡ್ಡ ರಬ್ಬರು ಅವಸರದಲ್ಲಿ ಕುಣಿಯುತ್ತದೆ. ಮನೆಮಂದಿ ಓಡಾಡುವ ಕಾರು ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 90 ಸಲ ತೂಗುವಂತೆ ಮಾಡಿರುತ್ತಾರೆ. ಆ ತೂಗು ನಮ್ಮ ಮೈಗೆ ಹಿತ. ಅದಕ್ಕಿಂತ ಬಹಳ ಚುರುಕಾದರೆ ತೂಗುವುದು ಹೋಗಿ ಕುಲುಕುವುದಾಗುತ್ತದೆ.

ನಾನು ಹುಡುಗನಾಗಿದ್ದಾಗ ಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಬರುತ್ತಿದ್ದೆವು. ಅದಕ್ಕೆ ಸ್ಪ್ರಿಂಗೂ ಇಲ್ಲ ಏನೂ ಇಲ್ಲ. ಹುಲ್ಲು ಹರಡಿ ಮೇಲೆ ಜಮಖಾನ ಹಾಸುತ್ತಿದ್ದರು, ಅದೇ ನಮ್ಮ ಸಸ್ಪೆನ್ಷನ್. ಜಟಕಾ ಗಾಡಿಗೆ ಕಮಾನು ಪಟ್ಟಿ ಇರುತ್ತಿತ್ತು; ಅದರಲ್ಲಿ ಕೂತವರು ಸಾಹುಕಾರರ ಹಾಗೆ ತೂಗುತ್ತಾ ಹೋಗುತ್ತಿದ್ದರು.

ಇನ್ನು ಹಂಪ್ಸ್ ಲೆಕ್ಕ. ಸ್ವಿಫ್ಟಿನ ಹೊಟ್ಟೆಗೂ ನೆಲಕ್ಕೂ ಕಂಪನಿ ಹೇಳುವ ಅಂತರ 170 ಮಿಲಿಮೀಟರ್, ಅಂದರೆ 17 ಸೆಂಟಿಮೀಟರ್. ಇಳಿಸಿದ 4, ಜನ ಕೂತು ಇಳಿದ 3 ಕಳೆದರೆ 10. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಹಂಪಿನ ಎತ್ತರವೂ 10 ಸೆಂಟಿಮೀಟರ್. ಹಾಗಾದರೆ ಉಜ್ಜಲೇಬೇಕಲ್ಲ ಎಂದು ನಾನು ಗೆದ್ದವನಂತೆ ಹೇಳಿದೆ. ಮೊಮ್ಮಗ ಪೆನ್ಸಿಲ್ ಕಿತ್ತುಕೊಂಡ. "ಅಜ್ಜ, ಆ ಹಂಪಿನ ಅಗಲ 3.7 ಮೀಟರ್. 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು ಅದು. ನಮ್ಮ ಕಾರಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರೋದು 2.4 ಮೀಟರ್. ನಾಲ್ಕೂ ಚಕ್ರ ಹಂಪಿನ ಮೇಲೇ ಇದ್ದಾಗ ನಡುವೆ ಉಬ್ಬೋದು ನಾಲ್ಕು ಸೆಂಟಿಮೀಟರ್ ಚಿಲ್ಲರೆ ಅಷ್ಟೆ." ವೃತ್ತದ ಪಾಠ ಓದುತ್ತಿರುವ ಹೈಸ್ಕೂಲಿನ ಮಕ್ಕಳು ಇದನ್ನು ಮಾಡಿ ನೋಡಿ, ಲೆಕ್ಕ ಸರಿಯಾಗಿದೆ. ನಾನು ಸೋತೆ.

ಆದರೆ ನಮ್ಮ ದಾರಿಯಲ್ಲಿರುವ ಹಂಪ್ಸ್ ಎಲ್ಲ ನಿಯಮದವು ಎಲ್ಲಿ? ಒಂದನ್ನು ನಾನೇ ಅಳೆದೆ. ಎರಡು ಗೇಣು ಅಗಲ, 11 ಸೆಂಟಿಮೀಟರ್ ಎತ್ತರ, ಮಲಗಿದ ಹೆಬ್ಬಾವಿನಂಥದ್ದು. ಎದುರು ಮನೆಯವರು ಕಿಟಕಿಯಿಂದ ನೋಡುತ್ತಿದ್ದರು, ಮುದುಕನಿಗೆ ಏನಾಯಿತಪ್ಪಾ ಎಂದು. ಅಂಥ ಹಂಪಿಗೆ 10 ಸೆಂಟಿಮೀಟರಿನ ಕಾರು ಹೊಟ್ಟೆ ತೀಡಿಕೊಂಡೇ ದಾಟಬೇಕು. ಇಲ್ಲಿ ಮೊಮ್ಮಗ ಸೋತ.

ಪೂರ್ತಿ ಮೊದಲಿನಂತೆ ಮಾಡಿಬಿಡು ಎಂದು ಹೇಳಬಹುದಿತ್ತು. ಅವನೂ ಅದಕ್ಕೇ ಸಿದ್ಧನಾಗಿದ್ದ. ಆದರೆ ಅಜ್ಜಿ ಹೇಳಿದರು: "ಅವನ ದುಡ್ಡು, ಅವನ ಆಸೆ. ನನಗೆ ನೋವಾಗದ ಹಾಗೆ ಎಷ್ಟು ಇಳೀತದೋ ಅಷ್ಟು ಇಳಿಸಲಿ." ಇದೇ ನಿಜವಾದ ಪ್ರಶ್ನೆ ಅನಿಸಿತು.

ಪ್ರಪಂಚದಲ್ಲಿ ಬಹಳ ಜನ ಇದಕ್ಕೆ ತಲೆ ಕೆಡಿಸಿಕೊಂಡಿದ್ದಾರೆ. ಫ್ರಾನ್ಸಿನ ಸಿಟ್ರೊಯೆನ್ ಕಂಪನಿ 1948ರಲ್ಲಿ 2ಸಿ.ವಿ. ಎಂಬ ರೈತರ ಕಾರನ್ನು ತೋರಿಸಿತು. ಉತ್ತ ಹೊಲದಲ್ಲಿ ಓಡಿಸಿದರೂ ಬುಟ್ಟಿಯಲ್ಲಿನ ಮೊಟ್ಟೆ ಒಡೆಯಬಾರದು, ಇದು ಎಂಜಿನಿಯರುಗಳಿಗೆ ಹಾಕಿದ್ದ ಷರತ್ತು. ಅದೇ ಕಂಪನಿ 1955ರಲ್ಲಿ ಡಿ.ಎಸ್. ಎಂಬ ಕಾರು ತಂದಿತು. ಅದರಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ಗುಂಡಿನೊಳಗೆ ಅದುಮಿಟ್ಟ ಅನಿಲ, ಜೊತೆಗೆ ಎಣ್ಣೆ. ಒಂದು ಹಿಡಿ ತಿರುಗಿಸಿದರೆ ಏಳುವುದು, ಇಳಿಯುವುದು. ನಮ್ಮ ಬೆಂಗಳೂರಿನ ತಗ್ಗುನೆಲದ ವೋಲ್ವೊ ಸಿಟಿ ಬಸ್ಸುಗಳನ್ನು ನೋಡಿದ್ದೀರಲ್ಲ? ಆ ಬಗೆಯ ಬಸ್ಸಿನ ಅಡಿಯಲ್ಲಿ ಗಾಳಿ ತುಂಬಿದ ರಬ್ಬರ್ ಚೀಲಗಳಿರುತ್ತವೆ. ನಿಲ್ದಾಣದಲ್ಲಿ ಸ್ವಲ್ಪ ಗಾಳಿ ಬಿಟ್ಟು ಒಂದು ಕಡೆ ಮಂಡಿಯೂರಿದಂತೆ ತಗ್ಗಿ ನಮ್ಮಂಥವರನ್ನು ಹತ್ತಿಸಿಕೊಂಡು, ಮತ್ತೆ ಗಾಳಿ ತುಂಬಿಕೊಂಡು ಎದ್ದು ಹೋಗುವ ಏರ್ಪಾಡು ಅದು. ಗಾಳಿಯ ಸ್ಪ್ರಿಂಗಿಗೆ ಎತ್ತರ ಬೇರೆ, ಮೆದುತನ ಬೇರೆ. ಉಕ್ಕಿನದಕ್ಕೆ ಆ ಸೌಕರ್ಯವಿಲ್ಲ. ಗಾಳಿಯ ವ್ಯವಸ್ಥೆಯ ಬೆಲೆ ಕೇಳಿದ ಮೊಮ್ಮಗ ಫೋನ್ ಇಟ್ಟವನು ಮತ್ತೆ ಆ ಮಾತು ಎತ್ತಲಿಲ್ಲ.

ಉಳಿದ ದಾರಿ ಎಂದರೆ ಕಡಿಮೆ ಇಳಿಸುವುದು, ಸರಿಯಾಗಿ ಇಳಿಸುವುದು. ಅವನು ಈ ಸಲ ತರಿಸಿದ ಸ್ಪ್ರಿಂಗಿನಲ್ಲಿ ಒಂದು ಕಡೆ ಸುರುಳಿಗಳು ಒತ್ತೊತ್ತಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿದ್ದವು. ಸಣ್ಣ ಏಟಿಗೆ ಎಲ್ಲ ಸುರುಳಿಗಳೂ ಕೂಡಿ ಕುಗ್ಗುವುದರಿಂದ ಮೆದು. ದೊಡ್ಡ ಏಟಿಗೆ ಒತ್ತಾದವು ಒಂದರ ಮೇಲೊಂದು ಕೂತು, ಕೆಲಸ ಮಾಡುವ ಸುರುಳಿ ಕಡಿಮೆಯಾಗಿ ಗಟ್ಟಿಯಾಗುತ್ತದೆ. ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಕೂಡ ಹಾಕಿಸಬೇಕು. ಬಿರುಸು ಸ್ಪ್ರಿಂಗಿಗೆ ಹಳೆಯ ಶಾಕ್ ಅಬ್ಸಾರ್ಬರ್ ಎಂದರೆ ಓಡುವ ಕರುವನ್ನು ಸೆಣಬಿನ ದಾರದಲ್ಲಿ ಹಿಡಿದಂತೆ. ಚಂದಕ್ಕೆಂದು ಹಾಕಿಸಿದ್ದ ತೆಳು ಟೈರುಗಳನ್ನೂ ತೆಗೆಸಿದ. ಟೈರಿನೊಳಗಿನ ಗಾಳಿಯೂ ಒಂದು ಸ್ಪ್ರಿಂಗೇ ಅಲ್ಲವೇ? ಚಕ್ರದ ಅಲೈನ್‌ಮೆಂಟು, ದೀಪದ ದಿಕ್ಕು ಎಲ್ಲ ಮತ್ತೆ ಸರಿ ಮಾಡಿಸಿದ.

ಕೈ ಹಾಕುವ ಮುಂಚೆ ನಾನೊಂದು ಕಿರಿಕಿರಿ ಮಾಡಿದೆ. ಕಾರು ಬಿಟ್ಟುಹೋಗುವಂಥದ್ದಲ್ಲ, ಕಾಗದವೂ ಅಷ್ಟೇ ಮುಖ್ಯ. ಆರ್.ಸಿ.ಯ ವಿವರ ಕಂಪನಿ ಮೊದಲು ಹೇಳಿದ್ದಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಗಿಯಾಗಿ ಎತ್ತಿಹಿಡಿದಿದೆ. ಆದ್ದರಿಂದ ಆರ್.ಟಿ.ಓ. ಕಚೇರಿಯಲ್ಲಿ ಅರ್ಜಿ ಕೊಟ್ಟು ಒಪ್ಪಿಗೆ ಪಡೆ, ವಿಮೆಯವರಿಗೂ ಬರೆದು ತಿಳಿಸು ಎಂದೆ. ಗೊಣಗುತ್ತಲೇ ಎಲ್ಲ ಮಾಡಿಕೊಂಡು ಬಂದ.

ಇಳಿಸಿದ್ದು 2 ಸೆಂಟಿಮೀಟರ್. ನಮ್ಮ ಹಳೆಯ ಅಳತೆಯಲ್ಲಿ ಮುಕ್ಕಾಲು ಅಂಗುಲ. ಖಾತೆಯಲ್ಲಿ ಈಗ 8ರಲ್ಲಿ 2 ಹೋಗಿ, ನಾವು ಕೂತು 3 ಹೋಗಿ, 3 ಉಳಿಯಿತು. ಹೊಟ್ಟೆಯ ಕೆಳಗೆ 12. ಹೆಬ್ಬಾವಿನ ಹಂಪಿಗೆ ಒಂದು ಸೆಂಟಿಮೀಟರ್ ಬಿಡುವು.

ಫ್ರಾನ್ಸಿನವರ ಮೊಟ್ಟೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲವಾದ್ದರಿಂದ ನಾನು ತಂಬಿಗೆಯ ಪರೀಕ್ಷೆ ಇಟ್ಟೆ. ಕಂಠಕ್ಕಿಂತ ಒಂದು ಬೆರಳು ಕೆಳಗೆ ನೀರು ತುಂಬಿ, ತಟ್ಟೆಯಲ್ಲಿಟ್ಟು, ತೊಡೆಯ ಮೇಲೆ ಹಿಡಿದುಕೊಂಡು ಹರಿಹರದವರೆಗೆ. ಕತ್ತರಿಸಿದ ಸ್ಪ್ರಿಂಗ್ ಬಿಚ್ಚುವ ಮುಂಚೆ ಒಮ್ಮೆ ಹೋಗಿ ಬಂದಿದ್ದೆವು, ಅಜ್ಜಿಯನ್ನು ಮನೆಯಲ್ಲೇ ಬಿಟ್ಟು. ಅವತ್ತು ತಟ್ಟೆ ತುಂಬಿ ನನ್ನ ಪಂಚೆಯೂ ಒದ್ದೆ. ಹೊಸ ಸ್ಪ್ರಿಂಗಿನಲ್ಲಿ ತಟ್ಟೆಗೆ ಬಿದ್ದದ್ದು ಎರಡು ಚಮಚ. ಮೊಮ್ಮಗ ಹಂಪ್ಸ್ ಕಂಡಲ್ಲಿ ಎರಡನೇ ಗೇರಿಗೆ ಇಳಿಯುತ್ತಿದ್ದ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೊದಲ ಸಲ ಅವನು ಅಷ್ಟು ನಿಧಾನವಿರಲಿಲ್ಲ.

ಹೋದ ಸೋಮವಾರ ಅಜ್ಜಿ ಬಂದರು. ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ಮೊದಲ ಹಂಪಿಗೆ ಅಂಗೈ ಸೀಟಿಗೆ ಹೋಯಿತು. ಎರಡನೆಯದಕ್ಕೂ ಹೋಯಿತು. ದೊಡ್ಡಬಾತಿಯ ಹತ್ತಿರ ಕೈಗಳು ಮಡಿಲಲ್ಲೇ ಇದ್ದವು, ಹೂವಿನ ಪೊಟ್ಟಣ ಹಿಡಿದುಕೊಂಡು. ಕನ್ನಡಿಯಲ್ಲಿ ಮೊಮ್ಮಗನೂ ಅದನ್ನೇ ನೋಡುತ್ತಿದ್ದ.

ಮನೆಗೆ ಬಂದು ಇಳಿಯುವಾಗ ಅವರಿಗೆ ಏಳಲು ತುಸು ಕಷ್ಟವಾಯಿತು. ಬಾಗಿಲ ಅಂಚು ಹಿಡಿದು ನಿಂತು, "ಸವಾರಿ ಚೆನ್ನಾಗಿತ್ತು ಪುಟ್ಟಾ. ಸೀಟು ಮಾತ್ರ ಒಂಚೂರು ತಗ್ಗು, ಮುಕ್ಕಾಲು ಅಂಗುಲ ಎತ್ತರ ಇದ್ದಿದ್ರೆ ಏಳೋಕೆ ಸಲೀಸು" ಎಂದರು.

ಮೊಮ್ಮಗ ನನ್ನ ಮುಖ ನೋಡಿದ. ಈಗ ಹಿಂದಿನ ಸೀಟಿನ ಮೇಲೆ ನಮ್ಮ ಹಳೆಯ ಜಮಖಾನ ನಾಲ್ಕು ಮಡಿಕೆ ಮಾಡಿ ಹಾಸಿದೆ.